ಮೂರನೇ ಕ್ರಾಸಿಗೆ ಹೆಸರು ಬಂದ ಸಂಗತಿ

ಮುದೇನಕೊಪ್ಪ
ಮರುಶ್ರಾವಣದ ಕೊನೆಯ ಸೋಮವಾರ, ೨೧೭೧

ಮೂರನೇ ಕ್ರಾಸಿನ ಹಿರಿಯರಿಗೂ ಕಿರಿಯರಿಗೂ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಪಕ್ಕಕ್ಕೆ ಇಡಬೇಡಿ. ನಿಮ್ಮ ಪಂಚಾಂಗದಲ್ಲಿ ಮರುಶ್ರಾವಣ ಎಂಬ ತಿಂಗಳಿಲ್ಲ ಎನ್ನುವುದು ನನಗೆ ಗೊತ್ತು. ನಮ್ಮ ಕಾಲಕ್ಕೆ ಮಳೆ ಎರಡು ಕಂತಿನಲ್ಲಿ ಬರುತ್ತದೆ. ನಡುವೆ ಒಂದಿಷ್ಟು ದಿನ ಆಕಾಶ ಬಿಳಿಚಿಕೊಂಡು ಸುಮ್ಮನಿದ್ದು, ಆಮೇಲೆ ಎರಡನೇ ಕಂತು ಇಳಿದಾಗ ಜನ ಶ್ರಾವಣವೇ ಮತ್ತೆ ಬಂತೆಂದು ಸಡಗರಪಡುತ್ತಾರೆ; ಹಾಗಾಗಿ ಆ ಹೆಸರು ನಿಂತಿತು. ಇಂಥ ಮಾತುಗಳು ಈ ಕಾಗದದಲ್ಲಿ ಇನ್ನೂ ಬರುತ್ತವೆ. ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನನಗಾದರೂ ನಿಮ್ಮ ಕಾಲದ ಕನ್ನಡ ಬರೆಯುವುದು ಅಜ್ಜಿಯ ಸೀರೆ ಉಟ್ಟು ನಡೆದ ಹಾಗೆ ಆಗುತ್ತಿದೆ, ನೆರಿಗೆ ಕಾಲಿಗೆ ತೊಡರುತ್ತದೆ.

ನಾನು ಮಾಲಿನಿ ಮೊಗೇರ. ನಮ್ಮೂರಿನ ಹೆಸರುಗಾರ್ತಿ. ಊರಿನ ಓಣಿಗಳಿಗೆ ಹೆಸರು ಇಡುವ ಕೆಲಸವನ್ನು ನೋಡಿಕೊಳ್ಳುವವರನ್ನು ನಾವು ಹಾಗೆ ಕರೆಯುತ್ತೇವೆ. ಯಾವುದೇ ಓಣಿಗೆ ಹೊಸ ಹೆಸರು ಬಂದಾಗ, ಹಳೆಯ ಹೆಸರು ಇಟ್ಟುಕೊಂಡು ಬಾಳಿದವರಿಗೆ ಒಂದು ಕಾಗದ ಬರೆಯಬೇಕೆಂಬುದು ನಮ್ಮ ರೂಢಿ. ಹೇಳದೆ ಕೇಳದೆ ಒಬ್ಬರ ವಿಳಾಸ ಬದಲಿಸುವುದು ಸರಿಯಲ್ಲ ಎಂಬ ಭಾವನೆ ಇದರ ಹಿಂದಿದೆ. ಬರೆದು ಹೊಸ ಕಂಬದ ಬುಡದಲ್ಲಿ ಹುಗಿಯುತ್ತೇವೆ. ಅದು ನಿಮಗೆ ಮುಟ್ಟುವ ಬಗೆ ನನಗೆ ತಿಳಿಯದು, ಬರೆಯುವುದಷ್ಟೇ ನನ್ನ ಕೆಲಸ. ನಿಮ್ಮ ಬೀದಿಯನ್ನು ನೀವು ಮೂರನೇ ಕ್ರಾಸ್ ಎಂದು ಕರೆದಿರಿ. ನಿಮ್ಮ ನಂತರ ನಾವೂ ಬಹಳ ಕಾಲ ಹಾಗೆಯೇ ಕರೆದೆವು. ಈಗ ಅದಕ್ಕೆ ಒಬ್ಬ ಮನುಷ್ಯನ ಹೆಸರು ಬಂದಿದೆ. ಯಾಕೆ ಬಂತು, ಎಷ್ಟು ಕಷ್ಟಪಟ್ಟು ಬಂತು ಎಂದು ತಿಳಿಸುವುದಕ್ಕೆ ಈ ಕಾಗದ.

ಮೊದಲು ನಿಮ್ಮ ಬೀದಿ ಈಗ ಹೇಗಿದೆ ಎಂದು ಹೇಳುತ್ತೇನೆ, ಕೇಳಲು ನಿಮಗೆ ಆಸೆಯಿದ್ದೀತು. ಉದ್ದ ಅಷ್ಟೇ ಇದೆ, ಕೆರೆಯ ಕಡೆಗೆ ಇಳಿಯುವ ಇಳಿಜಾರೂ ಅದೇ. ಮೇಲೆ ಮಾತ್ರ ಆಕಾಶ ಕಾಣುವುದಿಲ್ಲ. ಒಂದು ಸಾಲಿನ ಮಾಳಿಗೆಯಿಂದ ಎದುರಿನ ಸಾಲಿನ ಮಾಳಿಗೆಗೆ ನೆರಳುಬಟ್ಟೆ ಕಟ್ಟಿರುತ್ತೇವೆ. ಬಣ್ಣ ಬಣ್ಣದ ತುಂಡುಗಳನ್ನು ಕೌದಿಯ ಹಾಗೆ ಹೊಲಿದ ಚಪ್ಪರ ಅದು, ಯಾರ ಮನೆಯ ಹಳೇ ಸೀರೆ ಯಾರ ತಲೆಯ ಮೇಲಿದೆ ಎಂದು ಹೆಂಗಸರು ಗುರುತು ಹಿಡಿದು ನಗುತ್ತಾರೆ. ಬೆಳಿಗ್ಗೆ ಬೇಗ ಕೆಲಸ ಶುರುವಾಗಿ, ಬಿಸಿಲು ನೆತ್ತಿಗೆ ಬರುವ ಮೊದಲೇ ಎಲ್ಲ ನಿಲ್ಲುತ್ತದೆ. ಅದಕ್ಕೆ ಹಗಲುಮುಚ್ಚಿಗೆ ಎನ್ನುತ್ತೇವೆ. ಆಗ ಓಣಿಯವರೆಲ್ಲ ತಂಪುಮನೆಗೆ ಇಳಿಯುತ್ತಾರೆ. ಪ್ರತಿ ಓಣಿಗೂ ಒಂದು ತಂಪುಮನೆ ಇದೆ, ಅರ್ಧ ನೆಲದೊಳಗೆ, ಅರ್ಧ ಮೇಲೆ. ಮಣ್ಣಿನ ಕೊಳವೆಗಳಲ್ಲಿ ತಿರುಗಿ ತಣ್ಣಗಾದ ಗಾಳಿ ಒಳಗೆ ಬರುತ್ತದೆ. ಮಕ್ಕಳ ಶಾಲೆ ಅಲ್ಲೇ, ಮುದುಕರ ನಿದ್ದೆ ಅಲ್ಲೇ, ಸಂಬಂಧ ಕುದುರುವುದೂ ಕೆಡುವುದೂ ಅಲ್ಲೇ. ಊಟಕ್ಕೆ ಸಜ್ಜೆ ರೊಟ್ಟಿ, ನವಣೆ ಅನ್ನ. ಬಿಳಿ ಅಕ್ಕಿಯ ಅನ್ನ ಹಬ್ಬಕ್ಕೆ ಮಾತ್ರ. ಚಹಾ ಎಂಬುದನ್ನು ನಾನು ಕುಡಿದಿರುವುದು ಕೈಬೆರಳೆಣಿಕೆಯ ಸಲ. ನಿಮಗೆ ಅದು ದಿನಾ ಸಿಗುತ್ತಿತ್ತಂತೆ. ನಿಮ್ಮ ಬಗ್ಗೆ ಹೊಟ್ಟೆಕಿಚ್ಚುಪಡಲು ನನಗೆ ಅದೊಂದೇ ಕಾರಣ.

ಓಣಿಗಳ ಬಾಯಲ್ಲಿ ಹೆಸರುಗಂಬ ಇರುತ್ತದೆ. ಎದೆಮಟ್ಟದ ಕಲ್ಲಿನ ಕಂಬ; ಅದರ ಮೇಲೆ ಅಂಗೈ ಇಟ್ಟರೆ ಅದು ಮಾತಾಡುತ್ತದೆ. ಯಾರ ಹೆಸರು, ಅವರು ಏನು ಮಾಡಿದರು ಎಂದು ಹೇಳುತ್ತದೆ. ಆ ದನಿ ಅವರನ್ನು ಕಣ್ಣಾರೆ ಕಂಡವರದ್ದೇ ಆಗಿರಬೇಕು. ಓದಿ ತಿಳಿದವರು, ಕೇಳಿ ತಿಳಿದವರು ಅಲ್ಲಿ ಮಾತಾಡುವಂತಿಲ್ಲ. ಓಣಿಯ ಒಬ್ಬರು ತಕರಾರು ಎತ್ತಿದರೂ ಅದು ತೀರುವ ತನಕ ಹೆಸರು ಏರುವುದಿಲ್ಲ. ನಮ್ಮ ಪಕ್ಕದ ಓಣಿ ಹುಸೇನಬೀಯದು. ನಲ್ಲಿ ಒಣಗಿದ ವರ್ಷ ಸೈಕಲ್ಲಿನ ಮೇಲೆ ಕೊಡ ಕಟ್ಟಿಕೊಂಡು ಬಾಣಂತಿಯರ ಮನೆಗೆ ನೀರು ಮುಟ್ಟಿಸಿದವಳು. ಅದರಾಚೆಯದು ತಡವಾಗಿ ಬರುವ ಶೇಖಣ್ಣನ ಓಣಿ. ಪೂರ್ತಿ ಹೆಸರೇ ಅದು. ಮದುವೆಗೆ, ಮಣ್ಣಿಗೆ, ಯಾವುದಕ್ಕೂ ಆತ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಬಂದ ಮೇಲೆ ಮಾತ್ರ ಕೊನೆಯ ಪಾತ್ರೆ ತೊಳೆದು ಮುಗಿಯುವವರೆಗೆ ಹೋದವನೂ ಅಲ್ಲ. ಅವನ ಕಂಬದಲ್ಲಿ ಮಾತಾಡುವ ಹೆಂಡತಿ ನಡುವೆ ಬೈದುಕೊಳ್ಳುವುದೂ ಕೇಳುತ್ತದೆ.

ಊರಿನ ಓಣಿಗಳಿಗೆಲ್ಲ ಹೀಗೆ ಹೆಸರು ಬಂದರೂ ನಮ್ಮದು ಮೂರನೇ ಕ್ರಾಸ್ ಆಗಿಯೇ ಉಳಿದಿತ್ತು. ಕಾರಣ, ನಮ್ಮಲ್ಲಿ ಎರಡು ಥರದ ಜನ. ಓಣಿಯ ಮೇಲಿನ ಭಾಗದಲ್ಲಿ ಹಳಬರು, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು. ಕೆರೆಯ ಕಡೆಗೆ ನಾವು, ಕಡಲ ಕಡೆಯಿಂದ ಬಂದವರು. ನಿಮ್ಮ ನಂತರ ಸಮುದ್ರ ಒಳಗೆ ಬಂತು. ಹೊನ್ನಾವರದ ಆಚೆಗಿದ್ದ ನಮ್ಮ ಊರುಗಳು ಹೋದವು. ಜನ ಘಟ್ಟ ಹತ್ತಿ ಬಯಲು ಸೀಮೆಗೆ ಬಂದರು. ಈಗ ಎರಡೂ ಕಡೆಯವರು ಒಬ್ಬರ ಮನೆಯ ಮದುವೆಯಲ್ಲಿ ಇನ್ನೊಬ್ಬರು ಬಡಿಸುತ್ತೇವೆ. ನಮ್ಮವರು ಕೆರೆಯ ಮೀನಿಗೆ ಉಪ್ಪು ಹಾಕಿ ಒಣಗಿಸಿದರೆ ಮೇಲಿನ ಮನೆಯವರು ಮೂಗು ಮುಚ್ಚಿಕೊಂಡು ಬಂದು, ಗಂಡನಿಗೆ ಬೇಕಂತೆ ಎಂದು ಒಂದು ಹಿಡಿ ಇಸಿದುಕೊಂಡು ಹೋಗುತ್ತಾರೆ. ಆದರೂ ಓಣಿಗೆ ಯಾರ ಹೆಸರು ಎಂಬ ಮಾತು ಬಂದರೆ ಎರಡೂ ಕಡೆಯವರು ಎದ್ದು ಮನೆಗೆ ಹೋಗುತ್ತಿದ್ದರು.

ಎಲ್ಲರಿಗೂ ಒಪ್ಪಿಗೆಯಾಗುವ ಹೆಸರು ಒಂದೇ ಇತ್ತು, ನೀಲಗಂಗವ್ವ ಹಡಪದ. ನಮ್ಮ ತಂಪುಮನೆಯನ್ನು ಹರೆಯದಿಂದಲೂ ನೋಡಿಕೊಂಡು ಬಂದ ಅಜ್ಜಿ. ಉರಿಗಾಳಿಯ ವರ್ಷ ಕಡಲ ಜನರಿಗೆ ಬಾಗಿಲು ತೆಗೆದವಳು ಆಕೆಯೇ. ಈ ವರ್ಷ ಮೇಲಿನವರೂ ಕೆಳಗಿನವರೂ ಕೂಡಿ ಆಕೆಯ ಹೆಸರನ್ನು ಹೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬದುಕಿರುವವರ ಹೆಸರು ಇಡಬೇಕಾದರೆ ಅವರ ಒಪ್ಪಿಗೆ ಬೇಕು, ಅದಕ್ಕಾಗಿ ಎಲೆ ಅಡಿಕೆ ಹಿಡಿದು ಆಕೆಯ ಬಳಿ ಹೋದೆ. ಈಗ ತಂಪುಮನೆಯ ಕೆಲಸವನ್ನು ಬೇರೆಯವರು ಮಾಡುತ್ತಾರೆ. ಆದರೂ ಆಕೆ ದಿನವೂ ಅದರ ಮೊದಲ ಮೆಟ್ಟಿಲ ಮೇಲೆ ಕೂತು ಇಳಿಯುವವರನ್ನೆಲ್ಲ ವಿಚಾರಿಸುತ್ತಾಳೆ.

"ಅಜ್ಜಿ, ಓಣಿಗೆ ನಿಮ್ಮ ಹೆಸರು ಇಡಬೇಕಂತ ಎಲ್ಲಾರೂ ಮಾತಾಡೇವ್ರಿ," ಎಂದೆ.

"ಯಾಕ, ನಾ ಸತ್ತೇನೇನು?"

"ಬದುಕಿದ್ದವ್ರದೂ ಇಡ್ತಾರ್ರಿ, ಅವರು ಹೂಂ ಅಂದ್ರ."

"ಹಂಗಾದ್ರ ಊಹೂಂ ಅಂದ್ಳು ಅಂತ ಬರಕೋ." ಎಲೆ ಅಡಿಕೆಯನ್ನು ಮಾತ್ರ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

ನಾನು ಬಿಡಲಿಲ್ಲ. ನೀವು ಬಾಗಿಲು ತೆಗೆಯದಿದ್ದರೆ ನನ್ನ ಅವ್ವ ಇರುತ್ತಿರಲಿಲ್ಲ, ನಾನೂ ಇರುತ್ತಿರಲಿಲ್ಲ ಎಂದೆ. ಅಜ್ಜಿ ಎಲೆ ಜಗಿಯುತ್ತ ಬೀದಿ ನೋಡಿದಳು.

"ನನ್ನ ಕೈಯಾಗ ಕೀಲಿ ಇತ್ತು, ತಗದೆ. ಆಗ ನನಗ ಮಕ್ಕಳಿಲ್ಲ ಮರಿ ಇಲ್ಲ, ಅಂಜೂದಕ್ಕ ಏನೂ ಇರಲಿಲ್ಲವಾ. ಅಂಜಿಕಿ ಇಲ್ಲದಾಕಿ ಬಾಗಲಾ ತಗದ್ರ ಅದೇನ್ ದೊಡ್ಡ ಕೆಲಸ? ಅಂಜಿ ಬಾಗಲಾ ಹಾಕಿದಾಂವ ಆಮ್ಯಾಲ ತಾನ ಹೊರಗ ಹೋಗಿ ಬಿಸಿಲಾಗ ಕುಂತನಲ್ಲ, ಅಡಿವೆಪ್ಪ? ಅವನ ಹೆಸರು ಇಡ್ರಿ. ನನ್ನ ಹೆಸರು ಹಾಕಿದ್ರ ನಾ ಬಂದು ಕಂಬಾ ಕೆಡವ್ತೀನಿ."

ನಾನು ಆ ಹೆಸರನ್ನು ಬರೆದುಕೊಳ್ಳದೆಯೇ ಎದ್ದು ಬಂದೆ. ಯಾಕೆ ಎಂದು ನಿಮಗೆ ತಿಳಿಯಬೇಕಾದರೆ ಉರಿಗಾಳಿಯ ಸಂಗತಿ ಹೇಳಬೇಕು.

ನನ್ನ ಅವ್ವ ಗುಲಾಬಿ ಆಗ ಸಣ್ಣ ಹುಡುಗಿ. ತನ್ನ ಅಪ್ಪ, ಅವ್ವ, ಅಜ್ಜಿ ಮತ್ತು ಊರಿನ ಹತ್ತಾರು ಮನೆಯವರ ಜೊತೆ ಘಟ್ಟ ಹತ್ತಿ ಬಂದಿದ್ದಳು. ಅವರು ಮುದೇನಕೊಪ್ಪಕ್ಕೆ ಕಾಲಿಟ್ಟ ಬೆಳಿಗ್ಗೆಯೇ ಉರಿಗಾಳಿ ಎದ್ದಿತು. ಉರಿಗಾಳಿ ಎಂದರೆ ಬರೀ ಬಿಸಿಗಾಳಿಯಲ್ಲ. ಅದು ಬೀಸುವಾಗ ನೆರಳಿನಲ್ಲಿ ನಿಂತರೂ ಮೈ ಬೆವರುವುದನ್ನು ನಿಲ್ಲಿಸಿಬಿಡುತ್ತದೆ, ಹಕ್ಕಿಗಳು ಗಿಡದಿಂದ ಉದುರುತ್ತವೆ. ಆಗ ತಂಪುಮನೆಗಳನ್ನು ಹೊಸದಾಗಿ ಕಟ್ಟಿದ್ದರು, ಊರಿನಲ್ಲಿ ಎಲ್ಲ ಓಣಿಗೂ ಇರಲಿಲ್ಲ. ಮೂರನೇ ಕ್ರಾಸಿನಲ್ಲಿ ಒಂದಿತ್ತು. ಅದಕ್ಕೆ ಒಂದು ಮಿತಿಯೂ ಇತ್ತು. ಅಳತೆ ಮೀರಿ ಜನ ತುಂಬಿದರೆ ಅವರ ಮೈಯ ಕಾವಿಗೇ ತಂಪು ಒಡೆದು, ಒಳಗಿದ್ದವರೂ ಉಳಿಯುವುದಿಲ್ಲ.

ಅಡಿವೆಪ್ಪ ಸೂಡಿ ಈ ಓಣಿಯ ಹಿರಿಯ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ದೊಡ್ಡ ಆಳು, ದೊಡ್ಡ ದನಿ, ತಲೆಗೆ ಯಾವಾಗಲೂ ಬಿಳಿ ಪಟಗ. ಓಣಿಯ ಜಗಳ ಬಿಡಿಸುವುದು, ಮದುವೆಗೆ ಹಿಟ್ಟು ಸುಮ್ಮನೆ ಬೀಸಿಕೊಡುವುದು, ಎಲ್ಲಕ್ಕೂ ಅವನೇ. ಅವನ ಸೊಸೆ ಹೆತ್ತು ಇನ್ನೂ ವಾರವಾಗಿರಲಿಲ್ಲ. ಬಾಣಂತಿ, ಕೂಸು ಇಬ್ಬರೂ ಕೆಳಗೆ ತಂಪುಮನೆಯಲ್ಲಿದ್ದರು. ಕಡಲ ಜನ ಮಕ್ಕಳನ್ನು ಹೊತ್ತುಕೊಂಡು ಬಾಗಿಲಿಗೆ ಬಂದಾಗ ಅಡಿವೆಪ್ಪ ಬಾಗಿಲು ಎಳೆದು ಅದಕ್ಕೆ ಅಡ್ಡ ನಿಂತ. "ಇಲ್ಲಿ ಜಾಗಾ ಇಲ್ಲ. ನಿಮ್ಮ ಕಡಲಿಗೆ ಹೋಗ್ರಿ," ಎಂದ. ಅವ್ವನ ಅಪ್ಪ ಕೈಮುಗಿದ. ಅಡಿವೆಪ್ಪ ಮುಖ ಬೇರೆ ಕಡೆ ತಿರುಗಿಸಿಕೊಂಡು ನಿಂತೇ ಇದ್ದ. ಅವ್ವನ ಅಜ್ಜಿ ನಿಲ್ಲಲಾರದೆ ಎದುರಿನ ಬೇವಿನ ಬುಡದಲ್ಲಿ ಕೂತಳು. ನೀಲಗಂಗವ್ವ ಕೆಳಗೆ ಬಾಣಂತಿಯ ಬಳಿ ಇದ್ದಳು. ಗದ್ದಲ ಕೇಳಿ ಮೇಲೆ ಬಂದು, ಪಕ್ಕಕ್ಕೆ ಸರಿ ಎಂದಳು, ಅವನು ಸರಿಯಲಿಲ್ಲ. ಆಕೆ ವಾದಿಸಿ ಸೋತು, ಕೊನೆಗೆ ಹಿಂದಿನ ಬಾಗಿಲ ಕೀಲಿ ತೆಗೆದು ಒಬ್ಬೊಬ್ಬರನ್ನೇ ಒಳಗೆ ಕರೆದುಕೊಂಡಳು. ಅಷ್ಟರಲ್ಲಿ ಅವ್ವನ ಅಜ್ಜಿಯ ಜೀವ ಹೋಗಿತ್ತು.

ಇಷ್ಟು ನಮ್ಮ ಕಡೆಯವರೆಲ್ಲರಿಗೂ ಗೊತ್ತು. ಇದರ ನಂತರದ್ದು ಮೇಲಿನ ಮನೆಯವರಿಗೆಲ್ಲ ಗೊತ್ತು. ಕೆಳಗೆ ಜನ ತುಂಬಿ ಗಾಳಿ ಬಿಸಿಯಾಗತೊಡಗಿದಾಗ ಅಡಿವೆಪ್ಪ ಮೆಟ್ಟಿಲಿಳಿದು ಬಂದ. ಎಲ್ಲರೂ ಜಗಳಕ್ಕೆ ಬಂದನೆಂದುಕೊಂಡರು. ಅವನು ಮೊಮ್ಮಗನನ್ನು ನೋಡಿದ, ಸಾಲಾಗಿ ಮಲಗಿದ ಕಡಲ ಮಕ್ಕಳನ್ನು ನೋಡಿದ. ಆಮೇಲೆ, "ಗಟ್ಟಿ ಇದ್ದವರು ನನ್ನ ಹಿಂದ ಬರ್ರಿ. ಇಲ್ಲಿ ಮಕ್ಕಳು, ಮುದಿಕ್ಯಾರು, ಬಸುರಿ ಬಾಣಂತ್ಯಾರು ಇರ್ಲಿ," ಎಂದು ಮೇಲೆ ಹತ್ತಿಹೋದ. ಓಣಿಯ ಗಂಡಸರು ಅವನ ಹಿಂದೆ ಹೋದರು. ಗಿರಣಿಯೊಳಗೆ ಗೋಣಿಚೀಲಗಳನ್ನು ತೋಯಿಸಿ ಹೊದ್ದುಕೊಂಡು ಕೂತರು. ಸರದಿಯ ಮೇಲೆ ಕೆಳಗೆ ಇಳಿದು ದಣಿವಾರಿಸಿಕೊಳ್ಳುವುದೆಂದು ಮಾತಾಯಿತು. ಎಲ್ಲರೂ ಇಳಿದು ಬಂದರು, ಅಡಿವೆಪ್ಪ ತನ್ನ ಸರದಿಯನ್ನು ಪ್ರತಿ ಸಲವೂ ಬೇರೆಯವರಿಗೆ ಬಿಟ್ಟುಕೊಟ್ಟ. ಕೆಲವು ದಿನ ಬೀಸಿ ಗಾಳಿ ನಿಂತ ಮೇಲೆ ಆತ ಹಾಸಿಗೆ ಹಿಡಿದ. ಆ ವರ್ಷದ ಮಳೆ ನೋಡಲಿಲ್ಲ.

ಹೀಗೆ ಒಂದೇ ಮನುಷ್ಯನ ಎರಡು ಕಥೆ, ಒಂದೇ ಓಣಿಯಲ್ಲಿ ಬೇರೆ ಬೇರೆಯಾಗಿ ಬೆಳೆದಿದ್ದವು. ನಾನು ಕೆಳಗಿನವಳು, ಮೊದಲನೆಯದನ್ನು ಕೇಳಿಕೊಂಡೇ ದೊಡ್ಡವಳಾದೆ.

ನೀಲಗಂಗವ್ವನ ಮಾತನ್ನು ಮನೆಯಲ್ಲಿ ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸಿಟ್ಟು ಬಂದಾಗ ಆಕೆಯ ಬಾಯಿಗೆ ಕಡಲ ಕಡೆಯ ಮಾತು ತಾನಾಗಿ ಬರುತ್ತದೆ.

"ಎಂತಕ್ಕೆ ಆ ಮನುಷ್ಯನ ಹೆಸರು? ದಿನಾ ಬೆಳಗಾದ್ರೆ ನಾನು ಅದನ್ನ ನೋಡ್ಕಂಡು ರಂಗೋಲಿ ಹಾಕೂದಾ?"

"ಅವನೂ ಸತ್ತನಲ್ಲವ್ವ, ನಿಮ್ಮ ಸಲುವಾಗಿ."

"ಸತ್ತ ಕೂಡ್ಲೆ ಆಯ್ತಾ?" ಎಂದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಆಕೆ ಅದನ್ನು ತೆಗೆಯಲಿಲ್ಲ, ನಾನು ತೆಗೆದೆ.

ಮರುದಿನವೇ ಅವ್ವ ತಕರಾರು ಕೊಟ್ಟಳು. ಹೆಸರುಗಾರ್ತಿಯ ತಾಯಿಯೇ ತಕರಾರು ಕೊಟ್ಟಳೆಂದು ಊರೆಲ್ಲ ಸುದ್ದಿಯಾಯಿತು. ತಮಾಷೆಯೆಂದರೆ ಎರಡನೆಯ ತಕರಾರು ಅಡಿವೆಪ್ಪನ ಮನೆಯಿಂದಲೇ ಬಂತು. ಆವತ್ತು ತಂಪುಮನೆಯಲ್ಲಿದ್ದ ಕೂಸು, ಅಡಿವೆಪ್ಪನ ಮೊಮ್ಮಗ ಮಲ್ಲೇಶಪ್ಪ, ಈಗ ಬಿಳಿ ಮೀಸೆಯ ಹಿರಿಯ. ಅಜ್ಜನ ಗಿರಣಿಯನ್ನು ಇವತ್ತಿಗೂ ನಡೆಸುತ್ತಾನೆ. ಹೆಸರು ಬಂದರೆ ಅವನಿಗೆ ಹೆಮ್ಮೆಯೇ. ಆದರೆ ಕಂಬದಲ್ಲಿ ಬಾಗಿಲು ಹಾಕಿದ ಮಾತು ಬರಕೂಡದು ಎಂಬುದು ಅವನ ತಕರಾರು.

ಎರಡೂ ತಕರಾರುಗಳನ್ನು ಕೇಳಲು ಒಂದು ಹಗಲುಮುಚ್ಚಿಗೆಯಲ್ಲಿ ತಂಪುಮನೆಯಲ್ಲಿ ಸಭೆ ಕರೆದೆ. ಓಣಿಗೆ ಓಣಿಯೇ ಬಂದಿತ್ತು. ಇವತ್ತು ನನ್ನ ಕೈಯಲ್ಲಿ ಈ ಓಣಿ ಒಡೆಯುತ್ತದೆ, ನಾಳೆಯಿಂದ ಮೇಲಿನವರು ಒಂದು ಹೊತ್ತಿಗೆ ಕೆಳಗಿನವರು ಒಂದು ಹೊತ್ತಿಗೆ ತಂಪುಮನೆಗೆ ಇಳಿಯುತ್ತಾರೆ ಎಂದು ನನಗೆ ಹೆದರಿಕೆಯಾಗಿತ್ತು. ಬೇರೆ ಊರುಗಳಲ್ಲಿ ಹಾಗಾಗಿದೆ.

ಮಲ್ಲೇಶಪ್ಪ ಮೊದಲು ಎದ್ದ. "ನಮ್ಮಜ್ಜ ಈ ಓಣಿ ಸಲುವಾಗಿ ಸತ್ತ. ನನ್ನ ನೋಡಿಕೊಂಡು ಹೊರಗ ಹೋದಾಂವ ತಿರುಗಿ ನನ್ನ ಎತ್ತಿಕೊಳ್ಳಲಿಲ್ಲ. ಬಾಗಲಾ ಹಾಕಿದ್ದು ಒಂದ್ ತಾಸಿನ ಮಾತ್ರಿ. ಕಂಬದಾಗ ಅದನ್ನ ಹೇಳಿದ್ರ ನಾಳೆ ಹುಡುಗರು ಅದನ್ನಷ್ಟ ನೆನಪಿಡ್ತಾವು. ಇಡೂದಿದ್ರ ಮರ್ಯಾದಿಲೇ ಇಡ್ರಿ, ಇಲ್ಲಾಂದ್ರ ಬ್ಯಾಡ."

ಮೇಲಿನ ಮನೆಯವರು ತಲೆಯಾಡಿಸಿದರು. ಅವ್ವ ಕೂತಲ್ಲಿಂದ ಎದ್ದಳು.

"ಒಂದು ತಾಸು ಅಂದ್ರಿ. ಆ ಒಂದು ತಾಸಿನಾಗ ನನ್ನ ಅಜ್ಜಿ ಹೋದ್ಲು."

ಅವ್ವ ಅಲ್ಲಿಗೆ ನಿಲ್ಲಿಸಿ ಕೂತುಕೊಳ್ಳುತ್ತಾಳೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಆ ಕಥೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು. ಆವತ್ತು ಆಕೆ ಕೂರಲಿಲ್ಲ. ಗೋಡೆಗೆ ಕೈ ಕೊಟ್ಟುಕೊಂಡು ಮುಂದುವರಿಸಿದಳು.

"ಮರುದಿನ ನಾ ಯಾರಿಗೂ ಹೇಳದೆ ಮೆಟ್ಟಲಾ ಹತ್ತಿ ಹೊರಗ ಹೋದೆ. ಬೇವಿನ ಬುಡಕ್ಕೆ ಅಜ್ಜಿ ಇರ್ಲಿಲ್ಲ. ಗಿರಣಿ ಬಾಗ್ಲು ತೆರೆದಿತ್ತು, ಅಲ್ಲಿ ಇದ್ಲು. ಕಾಳು ಹಾಕೂ ಕಟ್ಟಿ ಮ್ಯಾಲೆ ಮಲಗಿಸಿ, ಬಿಳೀ ಪಟಗ ಬಿಚ್ಚಿ ಹೊಚ್ಚಿದ್ರು. ಪಕ್ಕದಾಗ ಆ ಮನುಷ್ಯ ಕುಂತಿದ್ದ, ತಲಿ ಬರೀದು. ನನ್ನ ನೋಡಿ, 'ತಂಗೀ, ಅಜ್ಜಿ ಹೆಸರೇನವಾ' ಅಂದ. ನಾ ಹೇಳ್ಲಿಲ್ಲ. 'ಹೆಸರ ಹೇಳದ ಹೆಂಗ ಕಳಸೂದವಾ' ಅಂದ. ಆಗೂ ಹೇಳ್ಲಿಲ್ಲ. ಊರು ಅವ್ರದು, ಬಾಗ್ಲು ಅವ್ರದು, ಹೆಸರಾದ್ರೂ ನಮ್ಮದಿರ್ಲಿ ಅನ್ನಿಸ್ತು ನಂಗೆ."

"ಮತ್ತ ಅಜ್ಜ ಏನ್ ಮಾಡಿದನ್ರಿ?" ಮಲ್ಲೇಶಪ್ಪನ ದನಿ ಇಳಿದಿತ್ತು. ಗಿರಣಿಯಲ್ಲಿದ್ದ ಗಂಡಸರು ಯಾರೂ ಹೇಳಿರದ ಈ ಮಾತು ಅವನ ಮನೆಯಲ್ಲೂ ತಿಳಿದಿರಲಿಲ್ಲ.

"ನನ್ನಪ್ಪ ಏಳೂ ಹಂಗಿರ್ಲಿಲ್ಲ. ಅವನೇ ಎತ್ತಿಕೊಂಡು ಹೋದ, ಆ ಬಿಸ್ಲಾಗೆ. ನಾ ಹಿಂದ ಹಿಂದ ಹೋಗಿ ದೂರ ನಿಂತು ನೋಡ್ದೆ. ತನ್ನ ಅವ್ವನ ಹೆಸರು ಹೇಳಿ ಬೆಂಕಿ ಕೊಟ್ಟ. ತಪ್ಪಾಯ್ತು ಅಂತ ನಮಗ್ಯಾರಿಗೂ ಹೇಳ್ಲಿಲ್ಲ ಅಂವ. ಕಡೀ ತನಕ ಹೇಳ್ಲಿಲ್ಲ."

ಮಲ್ಲೇಶಪ್ಪ ನಡೆದು ಬಂದು ಅವ್ವನ ಎದುರಿಗೆ ನಿಂತ. ಅಷ್ಟು ದೊಡ್ಡ ಮನುಷ್ಯ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹೆಗಲ ಮೇಲಿನ ಟವೆಲನ್ನು ಹಿಡಿದುಕೊಂಡಿದ್ದ.

"ಅಕ್ಕಾರ," ಎಂದ, "ಅಜ್ಜಿ ಹೆಸರು ಏನಿತ್ರಿ?"

ಅವ್ವ ಅವನ ಮುಖ ನೋಡುತ್ತ ನಿಂತಳು.

"ಮಾಸ್ತಮ್ಮ," ಎಂದಳು.

ನನ್ನ ಮುತ್ತಜ್ಜಿಯ ಹೆಸರನ್ನು ನಾನೂ ಆವತ್ತೇ ಮೊದಲ ಸಲ ಕೇಳಿದ್ದು. ಮನೆಯಲ್ಲಿ ಆಕೆ ಬರೀ ಅಜ್ಜಿ. ಮಲ್ಲೇಶಪ್ಪ ಆ ಹೆಸರನ್ನು ತನ್ನ ಬಾಯಲ್ಲಿ ಒಮ್ಮೆ ಹೇಳಿಕೊಂಡ. ಆಮೇಲೆ ಸಭೆಯ ಕಡೆ ತಿರುಗಿ, "ನನ್ನ ತಕರಾರ ನಾ ಹಿಂದಕ ತಗೋತೀನ್ರಿ. ಬಾಗಲಾ ಹಾಕಿದ್ದೂ ಹೇಳ್ರಿ, ಹೊರಗ ಹೋಗಿದ್ದೂ ಹೇಳ್ರಿ. ಹೇಳೂದಿದ್ರ ಈ ಅಕ್ಕಾರ ಹೇಳ್ಲಿ. ಬ್ಯಾರೆ ಯಾರ ಹೇಳಿದ್ರೂ ಅರ್ಧಾ ಆಗ್ತೈತಿ," ಎಂದ.

ಅವ್ವ ಕೂಡಲೇ ಒಪ್ಪಲಿಲ್ಲ. ಒಪ್ಪಿದಳೆಂದು ಬರೆದರೆ ಕಾಗದ ಚಂದವಾದೀತು, ಆದರೆ ನಿಜವಲ್ಲ. ಆಕೆ ಯೋಚಿಸಬೇಕು ಎಂದಳು. ಅಷ್ಟು ಹೊತ್ತು ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದ ನೀಲಗಂಗವ್ವ, "ಯೋಚನಿ ಮಾಡ್ಲಿ ಬಿಡ್ರಿ. ಅಲ್ಲೀಮಟ ಯಾರರ ಕಷಾಯಾ ಕಾಸ್ರಿ, ಬಾಯಿ ಒಣಗೇದ," ಎಂದಳು. ಎಲ್ಲರೂ ನಕ್ಕರು. ಮಲ್ಲೇಶಪ್ಪನ ಹೆಂಡತಿ ಶುಂಠಿ ಜಜ್ಜಿದಳು, ನಮ್ಮ ಕಡೆಯ ಹೆಂಗಸೊಬ್ಬಳು ಬೆಲ್ಲ ತಂದಳು.

ಮುಂದೆ ಬಹಳ ದಿನ ಅವ್ವ ಈ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಮಲ್ಲೇಶಪ್ಪನ ಗಿರಣಿಗೆ ಸಜ್ಜೆ ಬೀಸಿಸಲು ತಾನೇ ಹೊರಟಳು. ನಮ್ಮ ಮನೆಯ ಹಿಟ್ಟು ಯಾವಾಗಲೂ ಆಚೆ ಓಣಿಯ ಗಿರಣಿಯಲ್ಲಿ ಬೀಸುತ್ತಿದ್ದದ್ದು. ಮಗ್ಗುಲ ಗಿರಣಿ ಬಿಟ್ಟು ಅಷ್ಟು ದೂರ ಯಾಕೆ ಹೊರಬೇಕೆಂದು ಚಿಕ್ಕವಳಿದ್ದಾಗ ನಾನು ಗೊಣಗಿದ್ದುಂಟು. ಆಕೆ ಹಿಟ್ಟು ಹೊತ್ತು ಹಿಂದಿರುಗಿ, ಡಬ್ಬಿಗೆ ತುಂಬುತ್ತ, "ಆ ಕಟ್ಟಿ ಇನ್ನೂ ಹಂಗೇ ಇಟ್ಟಾರೆ," ಎಂದಳು. ಡಬ್ಬಿಯ ಮುಚ್ಚಳ ಹಾಕಿ, "ಕಂಬದಾಗ ನಾ ಹೇಳ್ತೆ. ಆದ್ರೆ ಮೊದ್ಲು ಅಜ್ಜಿ ಹೆಸರು, ಆಮೇಲೆ ಬಾಗ್ಲು, ಆಮೇಲೆ ಗಿರಣಿ. ಒಂದೂ ಬಿಡೂದಿಲ್ಲ," ಎಂದಳು.

ಹಾಗೆಯೇ ಆಯಿತು. ಕಂಬ ನಿಲ್ಲಿಸಿದ ದಿನ ಮರುಶ್ರಾವಣದ ಮೊದಲ ಮಳೆ ಬರುತ್ತಿತ್ತು. ನೆರಳುಬಟ್ಟೆಯಿಂದ ಬಣ್ಣ ಬಣ್ಣದ ನೀರು ತೊಟ್ಟಿಕ್ಕಿ ಎಲ್ಲರ ಬಿಳಿ ಬಟ್ಟೆ ಹಾಳಾಯಿತು. ಮೊದಲು ಅಂಗೈ ಇಡಬೇಕಾದವರು ಯಾರೆಂಬ ಮಾತಿಗೆ ಮಲ್ಲೇಶಪ್ಪ ನೀಲಗಂಗವ್ವನನ್ನು ಕೈಹಿಡಿದು ಕರೆತಂದ. ಆಕೆ ಅಂಗೈ ಇಟ್ಟು, ಅವ್ವನ ದನಿಯನ್ನು ಪೂರ್ತಿ ಕೇಳಿ, "ನನ್ನ ಹೆಸರು ಎರಡ್ ಸಲ ಬಂದೈತಿ, ಒಂದ್ ತಗೀರಿ," ಎಂದು ನನ್ನನ್ನು ಗದರಿಸಿದಳು. ನಾನು ತೆಗೆದಿಲ್ಲ. ಕೆಲವು ವಿಷಯದಲ್ಲಿ ಹೆಸರುಗಾರ್ತಿಗೂ ಒಂದಿಷ್ಟು ಅಧಿಕಾರವಿದೆ.

ಆ ಕಂಬ ಏನು ಹೇಳುತ್ತದೆ ಎಂದು ನೀವು ಕೇಳಬಹುದು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವ್ವನ ದನಿಯಿಲ್ಲದೆ ಅದು ಬರೀ ಅಕ್ಷರ. ಇಷ್ಟು ಹೇಳುತ್ತೇನೆ. ಅದರಲ್ಲಿ ಹೊಗಳಿಕೆ ಒಂದೂ ಇಲ್ಲ. ಆದರೂ ಕೇಳಿದವರು ಕೈಯನ್ನು ಬೇಗ ತೆಗೆಯುವುದಿಲ್ಲ. ಮೇಲಿನ ಮನೆಯ ಹುಡುಗರು ಮಾಸ್ತಮ್ಮನ ಹೆಸರು ಕಲಿತಿದ್ದಾರೆ, ಕೆಳಗಿನ ಮನೆಯ ಹುಡುಗರು ಗಿರಣಿಯ ಕಥೆ ಕಲಿತಿದ್ದಾರೆ. ಕಥೆ ಈಗ ಒಂದೇ ಆಗಿದೆ.

ಇನ್ನು ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನೀವು ನಂಬರು ಇಟ್ಟದ್ದಕ್ಕೆ ನಮಗೆ ಬೇಸರವಿಲ್ಲ. ನಂಬರು ಯಾರನ್ನೂ ನೋಯಿಸುವುದಿಲ್ಲ, ಯಾರನ್ನೂ ಮರೆಸುವುದೂ ಇಲ್ಲ; ಅದು ಸುಮ್ಮನೆ ಜಾಗ ಕಾಯ್ದಿತ್ತು, ಅದಕ್ಕೆ ನಮ್ಮ ನಮಸ್ಕಾರ. ಆದರೆ ನಿಮ್ಮ ಬೀದಿಯಲ್ಲಿ ಈ ಹೊತ್ತು ಬದುಕುತ್ತಿರುವ ಜನರ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ಯಾರ ಮನೆಯ ಕದ ಯಾವ ಹೊತ್ತಿನಲ್ಲಿ ತಟ್ಟಿದರೂ ತೆರೆಯುತ್ತಿತ್ತು, ಯಾರ ಬಾಯಿ ಕೆಟ್ಟದಾದರೂ ಕೈ ಒಳ್ಳೆಯದಾಗಿತ್ತು, ಯಾವ ಮನೆಯಲ್ಲಿ ಇನ್ನೊಬ್ಬರ ಕೂಸು ಬೆಳೆಯಿತು, ಒಂದೂ ತಿಳಿಯದು. ನಾನು ಹುಡುಕಿದೆ, ಸಿಗಲಿಲ್ಲ. ಆದ್ದರಿಂದ ನಿಮ್ಮ ನಿಮ್ಮಲ್ಲಿ ಕೂತು ಅವರ ಮಾತಾಡಿ. ಅವರ ಒಳ್ಳೆಯದನ್ನು ಅವರ ಮನೆಯವರನ್ನು ಕೇಳಿ, ಉಳಿದದ್ದನ್ನು ಅವರಿಂದ ನೊಂದವರನ್ನು ಕೇಳಿ. ಇಬ್ಬರೂ ಬದುಕಿರುವಾಗಲೇ ಕೇಳಿ. ಹೆಸರಿನ ಹಲಗೆ ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೊನ್ನೆ ಬೀಜದ ಬಂಡಿಯವನೊಬ್ಬ ಹೊಸಬ ನಮ್ಮ ಬಾಗಿಲಿಗೆ ಬಂದು, ಇದು ಯಾವ ಓಣಿ ಎಂದು ಕೇಳಿದ. ಅವ್ವ ಅಂಗಳದಲ್ಲಿ ಮೀನಿಗೆ ಉಪ್ಪು ಹಚ್ಚುತ್ತಿದ್ದಳು. ತಲೆ ಎತ್ತದೆಯೇ, "ಅಡಿವೆಪ್ಪನ ಓಣಿ," ಎಂದಳು. ಅವನಿಗೆ ಅದೊಂದು ವಿಳಾಸ ಅಷ್ಟೇ. ಬರೆದುಕೊಂಡು ಹೋದ. ಒಳಗೆ ನಿಂತು ಕೇಳಿಸಿಕೊಂಡ ನಾನು, ಈ ಕಾಗದ ಬರೆಯಲು ಆವತ್ತೇ ಕೂತೆ.

ನಿಮ್ಮ ಮನೆಗಳ ಮೇಲೆ ಹದವಾದ ಮಳೆ ಬೀಳಲಿ. ಚಹಾ ಕುಡಿಯುವಾಗ ಒಮ್ಮೆ ನಮ್ಮನ್ನು ನೆನೆಯಿರಿ.

ನಿಮ್ಮ ಬೀದಿಯವಳೇ ಆದ,
ಮಾಲಿನಿ ಮೊಗೇರ
ಅಡಿವೆಪ್ಪನ ಓಣಿ, ಕೆರೆಯ ಕಡೆಯ ಸಾಲು
ಮುದೇನಕೊಪ್ಪ